ಕೇರಿ, ಸಂತ ಮತ್ತು ಊರು: ಮೆಕ್ಸಿಕೊದ ತೆಪೊಸ್ತ್ಲಾನ್ ಪಟ್ಟಣದ ವಾರ್ಷಿಕ ಹಬ್ಬಗಳು

ಹಬ್ಬವನ್ನು ಕುರಿತ ಜಾನಪದ ಅಧ್ಯಯನಗಳಲ್ಲಿ ಎರಡು ನಿಲುವುಗಳು ಬಹುಕಾಲ ಪ್ರಧಾನವಾಗಿದ್ದವು. ಹಬ್ಬವೆಂಬುದು ಅಳಿದುಹೋದ ಕಾಲವೊಂದರ ಉಳಿಕೆ ಎಂಬುದು ಒಂದು; ವರ್ಷವಿಡೀ ದುಡಿಯುವ ಜನರಿಗೆ ದೊರೆಯುವ ಬಿಡುವು ಮತ್ತು ಸಂಭ್ರಮ ಎಂಬುದು ಇನ್ನೊಂದು. ಮೊದಲನೆಯದು ಹಬ್ಬವನ್ನು ಚರಿತ್ರೆಯ ಹಿಂದಕ್ಕೆ ತಳ್ಳುತ್ತದೆ, ಎರಡನೆಯದು ಅದನ್ನು ಬದುಕಿನ ಅಂಚಿಗೆ ಸರಿಸುತ್ತದೆ. ಊರೊಂದು ತನ್ನನ್ನು ತಾನು ಊರಾಗಿ ಉಳಿಸಿಕೊಳ್ಳುವ ವ್ಯವಸ್ಥೆಯಾಗಿ ಹಬ್ಬ ಹೇಗೆ ಕೆಲಸಮಾಡುತ್ತದೆ ಎಂಬ ಪ್ರಶ್ನೆ ಈ ಎರಡರಲ್ಲಿಯೂ ಹಿಂದುಳಿಯುತ್ತದೆ. ಮೆಕ್ಸಿಕೊ ದೇಶದ ಮೊರೆಲೊಸ್ ರಾಜ್ಯದಲ್ಲಿರುವ ತೆಪೊಸ್ತ್ಲಾನ್ ಪಟ್ಟಣದ ವಾರ್ಷಿಕ ಹಬ್ಬಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪಟ್ಟಣವನ್ನೇ ಆಯ್ದುಕೊಳ್ಳಲು ಕಾರಣವಿದೆ. ರಾಬರ್ಟ್ ರೆಡ್‌ಫೀಲ್ಡ್ ಅವರು 1926-27ರಲ್ಲಿ ಇಲ್ಲಿ ಕ್ಷೇತ್ರಕಾರ್ಯ ನಡೆಸಿ, 1930ರಲ್ಲಿ ಇಲ್ಲಿನ ಜನಪದ ಬದುಕನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಮುಂದೆ ಅವರು ರೂಪಿಸಿದ ಜನಪದ ಸಮಾಜದ ಪರಿಕಲ್ಪನೆಗೆ, ಆ ಮೂಲಕ ಭಾರತೀಯ ಜಾನಪದ ವಿದ್ವಾಂಸರಿಗೂ ಪರಿಚಿತವಾದ ಬೃಹತ್ ಪರಂಪರೆ ಮತ್ತು ಕಿರು ಪರಂಪರೆ ಎಂಬ ವಿಂಗಡಣೆಗೆ, ತೆಪೊಸ್ತ್ಲಾನ್ ಒಂದು ಆರಂಭಬಿಂದುವಾಯಿತು. ಅದೇ ಊರನ್ನು 1943-44ರಲ್ಲಿ ಮರಳಿ ಅಧ್ಯಯನ ಮಾಡಿದ ಆಸ್ಕರ್ ಲೂಯಿಸ್ ಅವರು 1951ರಲ್ಲಿ ತೀರ ಭಿನ್ನವಾದ ಚಿತ್ರವೊಂದನ್ನು ಕೊಟ್ಟರು. ಮೆಕ್ಕಿಮ್ ಮ್ಯಾರಿಯಟ್ ಅವರು ಸಂಪಾದಿಸಿದ 'ವಿಲೇಜ್ ಇಂಡಿಯಾ' (1955) ಸಂಪುಟದಲ್ಲಿ ಎಂ.ಎನ್. ಶ್ರೀನಿವಾಸ್ ಅವರ ಮೈಸೂರು ಸೀಮೆಯ ಹಳ್ಳಿಯ ಅಧ್ಯಯನದ ಜೊತೆಯಲ್ಲೇ, ತೆಪೊಸ್ತ್ಲಾನನ್ನು ಉತ್ತರ ಭಾರತದ ಹಳ್ಳಿಯೊಂದರೊಡನೆ ಹೋಲಿಸಿದ ಲೂಯಿಸ್ ಅವರ ಲೇಖನವೂ ಪ್ರಕಟವಾಗಿದೆ. ಹೀಗೆ ಈ ದೂರದ ಪಟ್ಟಣ ನಮ್ಮ ಗ್ರಾಮ ಅಧ್ಯಯನಗಳ ಇತಿಹಾಸಕ್ಕೂ ಸಂಬಂಧಪಟ್ಟಿದೆ.

ಊರು ಮತ್ತು ಅದರ ಹಿನ್ನೆಲೆ

ತೆಪೊಸ್ತ್ಲಾನ್ ಮೆಕ್ಸಿಕೊ ನಗರದ ದಕ್ಷಿಣಕ್ಕೆ, ಕುಯೆರ್ನವಾಕ ನಗರಕ್ಕೆ ಸಮೀಪದಲ್ಲಿ, ಕಡಿದಾದ ಬಂಡೆಬೆಟ್ಟಗಳ ತಪ್ಪಲಿನಲ್ಲಿದೆ. ನಾವಾತ್ಲ್ ಭಾಷೆಯಲ್ಲಿ 'ತೆಪೊಸ್ತ್ಲಿ' ಎಂದರೆ ತಾಮ್ರ ಅಥವಾ ಲೋಹ. ಊರಿನ ಹೆಸರಿನಲ್ಲಿ ಆ ಪದವಿದೆ. ಊರಿನ ಮೇಲಿನ ಬಂಡೆಯ ನೆತ್ತಿಯಲ್ಲಿ ಸ್ಪ್ಯಾನಿಷರು ಬರುವ ಮುಂಚಿನ ಗುಡಿಯೊಂದಿದೆ. ಅದು ತೆಪೊಸ್ತೆಕಾತ್ಲ್ ಎಂಬ ದೇವತೆಗೆ ಸೇರಿದ್ದು. ಕತ್ತಾಳೆಯ ರಸವನ್ನು ಹುದುಗಿಸಿ ಮಾಡುವ ಪುಲ್ಕೆ ಎಂಬ ಪಾನೀಯದ ಅಧಿದೇವತೆಗಳಲ್ಲಿ ಇವನೊಬ್ಬ. ಈ ಊರಿನವರೇ ಆದ ಫ್ರಾನ್ಸಿಸ್ಕೊ ರೊದ್ರಿಗೆಸ್ ಅವರು 1895ರಲ್ಲಿ ಗುಡಿಯ ಅವಶೇಷಗಳನ್ನು ಶೋಧಿಸಿದರು. ಅಲ್ಲಿ ದೊರೆತ ಕಲ್ಲಿನ ಮೇಲಿನ ಚಿಹ್ನೆಗಳು ಅಸ್ತೆಕ್ ದೊರೆ ಅವಿತ್ಸೊತ್ಲ್‌ನನ್ನೂ ಅವನು ತೀರಿಕೊಂಡ 1502ನೆಯ ವರ್ಷವನ್ನೂ ಸೂಚಿಸುತ್ತವೆ.

1521ರಲ್ಲಿ ಎರ್ನಾನ್ ಕೊರ್ತೆಸ್‌ನ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಅನಂತರ ಬಂದ ದೊಮಿನಿಕನ್ ಸಭೆಯ ಗುರುಗಳು ಮಾತೆ ಮರಿಯಮ್ಮನವರ ಜನನಕ್ಕೆ ಅರ್ಪಿತವಾದ ದೊಡ್ಡ ಮಠವನ್ನು 16ನೆಯ ಶತಮಾನದ ನಡುಭಾಗದಿಂದ ಮುಂದಕ್ಕೆ ಕಟ್ಟಿಸಿದರು. ಪೊಪೊಕತೆಪೆತ್ಲ್ ಜ್ವಾಲಾಮುಖಿಯ ಇಳಿಜಾರಿನ ಇತರ ಮಠಗಳೊಡನೆ ಇದು 1994ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು; 2017ರ ಸೆಪ್ಟೆಂಬರ್ 19ರ ಭೂಕಂಪದಲ್ಲಿ ಹಾನಿಗೊಳಗಾಯಿತು. ಬೆಟ್ಟದ ಮೇಲೆ ಹಳೆಯ ಗುಡಿ, ಊರ ನಡುವೆ ಮಠ, ಇವೆರಡರ ಕೆಳಗೆ ಹರಡಿದ ಕೇರಿಗಳು. ಊರಿನ ಹಬ್ಬಗಳು ನಡೆಯುವುದು ಈ ಮೂರು ನೆಲೆಗಳ ನಡುವೆ.

ಕೇರಿಗಳ ವ್ಯವಸ್ಥೆ

ರೆಡ್‌ಫೀಲ್ಡ್ ಅವರು ಪಟ್ಟಣದಲ್ಲಿ ಏಳು ಕೇರಿಗಳನ್ನು ಗುರುತಿಸಿದರು: ಪರಮ ತ್ರಿತ್ವ, ಸಾಂತೊ ದೊಮಿಂಗೊ, ಪವಿತ್ರ ಶಿಲುಬೆ, ಸಾನ್ ಮಿಗೆಲ್, ಸಾನ್ ಸೆಬಾಸ್ತಿಯಾನ್, ಮೂವರು ಅರಸರು ಮತ್ತು ಸಾನ್ ಪೆದ್ರೊ. ಸ್ಪ್ಯಾನಿಷ್‌ನಲ್ಲಿ 'ಬಾರಿಯೊ' ಎನ್ನುವ ಈ ಘಟಕವನ್ನು ಕನ್ನಡದಲ್ಲಿ ಕೇರಿ ಎಂದು ಕರೆಯಬಹುದಾದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮಲ್ಲಿ ಕೇರಿಯೆಂದರೆ ಬಹುಮಟ್ಟಿಗೆ ಜಾತಿಯನ್ನು ಅನುಸರಿಸಿದ ವಾಸದ ವಿಂಗಡಣೆ. ತೆಪೊಸ್ತ್ಲಾನಿನ ಕೇರಿಯನ್ನು ನಿರ್ಧರಿಸುವುದು ಸಂತ ಮತ್ತು ಆ ಸಂತನ ಕಿರುಗುಡಿ. ಪ್ರತಿ ಕೇರಿಗೂ ತನ್ನದೇ ಗುಡಿಯುಂಟು, ಗುಡಿಗೆ ಗಂಟೆಯುಂಟು, ವರ್ಷಕ್ಕೊಮ್ಮೆ ಹಬ್ಬವುಂಟು. ಕೇರಿಯವರಿಗೆ ಪ್ರಾಣಿಗಳ ಅಡ್ಡಹೆಸರುಗಳೂ ಇವೆ. ಸಾಂತೊ ದೊಮಿಂಗೊದವರು ಕಪ್ಪೆಗಳು, ಪರಮ ತ್ರಿತ್ವದವರು ಇರುವೆಗಳು, ಸಾನ್ ಮಿಗೆಲ್‌ನವರು ಹಲ್ಲಿಗಳು. ಗೇಲಿಯ ಈ ಹೆಸರುಗಳನ್ನು ಆಯಾ ಕೇರಿಯವರು ಹೆಮ್ಮೆಯಿಂದಲೇ ಹೊತ್ತುಕೊಳ್ಳುತ್ತಾರೆ.

ಗುಡಿಯ ಹೊಣೆ ಹೊರುವವನು ಮಯೊರ್ದೊಮೊ. ಮನೆಮನೆಯಿಂದ ವಂತಿಗೆ ಎತ್ತುವುದು, ಗುಡಿಗೆ ಸುಣ್ಣ ಬಳಿಸುವುದು, ವಾದ್ಯದವರನ್ನೂ ಬಾಣಬಿರುಸಿನವರನ್ನೂ ಗೊತ್ತುಮಾಡುವುದು ಅವನ ಕೆಲಸ. ಸಂತನ ಹೆಸರಿನ ಹೊಲವನ್ನು ಕೇರಿಯ ಗಂಡಸರೆಲ್ಲ ಒಟ್ಟಾಗಿ ಉತ್ತು ಬಿತ್ತಿ, ಬಂದ ಫಲವನ್ನು ಹಬ್ಬದ ವೆಚ್ಚಕ್ಕೆ ಕೊಡುತ್ತಿದ್ದ ಪದ್ಧತಿಯನ್ನು ರೆಡ್‌ಫೀಲ್ಡ್ ದಾಖಲಿಸಿದ್ದಾರೆ. ಊರೊಟ್ಟಿನ ಇಂತಹ ದುಡಿಮೆಗೆ ನಾವಾತ್ಲ್‌ನಲ್ಲಿ 'ಕ್ವಾತೆಕಿತ್ಲ್' ಎಂಬ ಹೆಸರಿದೆ. ವಂತಿಗೆ ಕೊಡುವವನು, ಒಟ್ಟು ದುಡಿಮೆಗೆ ಬರುವವನು ಕೇರಿಯವನು. ಎಂದರೆ ವಂತಿಗೆಯ ಲೆಕ್ಕವೇ ಕೇರಿಯ ಸದಸ್ಯತ್ವದ ಲೆಕ್ಕವೂ ಆಗಿದೆ.

ಒಂದು ಕೇರಿಯ ಹಬ್ಬಕ್ಕೆ ಬೇರೆ ಕೇರಿಗಳವರು ಮೇಣದ ಬತ್ತಿ, ಹೂವು, ಬಾಣಬಿರುಸುಗಳನ್ನು ಹೊತ್ತು ಮೆರವಣಿಗೆಯಲ್ಲಿ ಬರುತ್ತಾರೆ. ಇದಕ್ಕೆ 'ಪ್ರೊಮೆಸಾ', ಅಂದರೆ ಹರಕೆ ಎಂದು ಹೆಸರು. ಬಂದವರಿಗೆ ಊಟವಿಡುವುದು ಆತಿಥೇಯ ಕೇರಿಯ ಕರ್ತವ್ಯ. ಅವರ ಹಬ್ಬದ ದಿನ ಅಷ್ಟೇ ಗೌರವದಿಂದ ಹರಕೆ ಹೊತ್ತು ಹೋಗುವುದು ಋಣ. ನಮ್ಮ ಹಳ್ಳಿಗಳ ಮದುವೆ ಮುಂಜಿಗಳಲ್ಲಿ ನಡೆಯುವ ಮುಯ್ಯಿಯ ತರ್ಕವೇ ಇಲ್ಲಿ ಕೇರಿಗಳ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಸ್ಪರ್ಧೆಯೂ ಇದರೊಳಗೇ ಇದೆ. ಯಾರ ಬಿರುಸು ಎತ್ತರಕ್ಕೆ ಹೋಯಿತು, ಯಾರ ವಾದ್ಯಮೇಳ ಹೆಚ್ಚು ಹೊತ್ತು ನುಡಿಸಿತು ಎಂಬುದು ಮುಂದಿನ ವರ್ಷದವರೆಗೂ ಮಾತಾಗಿ ಉಳಿಯುತ್ತದೆ.

ಹಬ್ಬಗಳ ವರ್ಷಚಕ್ರ

ವರ್ಷದ ಮೊದಲ ಕೇರಿ ಹಬ್ಬ ಜನವರಿ 6ರಂದು ಮೂವರು ಅರಸರದು. ಜನವರಿ 20ರಂದು ಸಾನ್ ಸೆಬಾಸ್ತಿಯಾನನದು. ಬೂದಿ ಬುಧವಾರಕ್ಕೆ ಮುನ್ನ ಕಾರ್ನಿವಾಲ್ ಬರುತ್ತದೆ. ಅನಂತರ ತಪಸ್ಸುಕಾಲ ಮತ್ತು ಪವಿತ್ರ ವಾರ. ಮೇ 3ರ ಶಿಲುಬೆಯ ಹಬ್ಬ ಮಳೆಗಾಲದ ಹೊಸ್ತಿಲಲ್ಲಿ, ಬಿತ್ತನೆಯ ನಿರೀಕ್ಷೆಯಲ್ಲಿ ನಡೆಯುತ್ತದೆ. ಪರಮ ತ್ರಿತ್ವದ ಭಾನುವಾರ ಮತ್ತು ಜೂನ್ 29ರ ಸಾನ್ ಪೆದ್ರೊ ಹಬ್ಬ ಮಳೆಯ ನಡುವೆ ಬರುತ್ತವೆ. ಸಾಂತೊ ದೊಮಿಂಗೊ ಹಬ್ಬದ ನಂತರ ಸೆಪ್ಟೆಂಬರ್ 8 ಇಡೀ ಊರಿನ ದೊಡ್ಡ ಹಬ್ಬ.

ಸೆಪ್ಟೆಂಬರ್ 29 ಸಾನ್ ಮಿಗೆಲ್‌ನ ದಿನ. ಮುಸುಕಿನ ಜೋಳದ ತೆನೆ ಬಲಿಯುವ ಕಾಲವದು. ಬಿರುಗಾಳಿ ಬೀಸಿದರೆ ಬೆಳೆ ಮಲಗುತ್ತದೆ. ಹಿಂದಿನ ದಿನ ಚೆಂಡುಹೂವಿನ ಜಾತಿಗೆ ಸೇರಿದ ಪೆರಿಕೋನ್ ಎಂಬ ಹಳದಿ ಹೂವಿನಿಂದ ಶಿಲುಬೆ ಕಟ್ಟಿ, ಹೊಲದ ಮೂಲೆಗಳಿಗೂ ಮನೆಯ ಬಾಗಿಲಿಗೂ ಸಿಕ್ಕಿಸುತ್ತಾರೆ. ಆ ರಾತ್ರಿ ಸೈತಾನ ಬಿಡುಗಡೆಯಾಗಿ ಹೊಲಗಳಲ್ಲಿ ಅಲೆಯುತ್ತಾನೆಂದೂ ಶಿಲುಬೆ ಅವನನ್ನು ತಡೆಯುತ್ತದೆಂದೂ ನಂಬಿಕೆ. ಮೊರೆಲೊಸ್ ಸೀಮೆಯಲ್ಲೆಲ್ಲ ಈ ಆಚರಣೆ ಇದೆ. ಪಠ್ಯ ಕ್ರೈಸ್ತರದು, ಹೂವು ಸ್ಪ್ಯಾನಿಷ್‌ಪೂರ್ವ ವಿಧಿಗಳಲ್ಲಿ ಬಳಕೆಯಾಗುತ್ತಿದ್ದುದು, ಆತಂಕ ರೈತನದು.

ನವೆಂಬರ್ 1 ಮತ್ತು 2ರಂದು ಸತ್ತವರ ಹಬ್ಬ. ಮನೆಯಲ್ಲಿ ಎಡೆಪೀಠ ಸಿದ್ಧಪಡಿಸಿ, ತೀರಿಹೋದವರಿಗೆ ಪ್ರಿಯವಾದ ತಿನಿಸು, ನೀರು, ಧೂಪ, ಚೆಂಡುಹೂವುಗಳನ್ನು ಇರಿಸುತ್ತಾರೆ. ಕರ್ನಾಟಕದ ಹಬ್ಬಗಳಲ್ಲಿ ಮಾಲೆಯಾಗುವ ಚೆಂಡುಹೂವಿನ ಮೂಲನೆಲೆ ಮೆಕ್ಸಿಕೊ ಎಂಬುದನ್ನು ಇಲ್ಲಿ ನೆನೆಯಬಹುದು. ಡಿಸೆಂಬರ್ 12ರ ಗ್ವಾದಲೂಪೆ ಮಾತೆಯ ಹಬ್ಬ ಮತ್ತು ಕ್ರಿಸ್ಮಸ್ ಮುನ್ನಿನ ಒಂಬತ್ತು ರಾತ್ರಿಗಳ ಆಚರಣೆಯೊಂದಿಗೆ ವರ್ಷ ಮುಗಿಯುತ್ತದೆ.

ಕಾರ್ನಿವಾಲ್ ಕುರಿತು ಪ್ರತ್ಯೇಕವಾಗಿ ಹೇಳಬೇಕು. ಅದರ ಮುಖ್ಯ ವೇಷ 'ಚಿನೆಲೊ'. ನೆಲ ಮುಟ್ಟುವ ಮಖಮಲ್ಲಿನ ನಿಲುವಂಗಿ, ಮಣಿ ಪೋಣಿಸಿದ, ಗರಿ ಸಿಕ್ಕಿಸಿದ ಎತ್ತರದ ಟೋಪಿ, ಕೈಗವಸು, ತಂತಿಜಾಲರಿಯಿಂದ ಮಾಡಿದ ಬಿಳಿಮುಖದ ಮುಖವಾಡ, ಅದಕ್ಕೆ ಮುಂದಕ್ಕೆ ಚಾಚಿ ಮೇಲಕ್ಕೆ ಬಾಗಿದ ಚೂಪು ಗಡ್ಡ. ಕೇರಿಗಳ ತಂಡಗಳು ವಾದ್ಯಮೇಳದೊಡನೆ ಚೌಕಕ್ಕೆ ಬಂದು ಗಂಟೆಗಟ್ಟಲೆ ಒಂದೇ ಲಯದಲ್ಲಿ ಜಿಗಿಯುತ್ತವೆ. ವೇಷ ಸ್ಪ್ಯಾನಿಷ್ ಜಮೀನುದಾರರ ಅಣಕವೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಇದು 19ನೆಯ ಶತಮಾನದ ಸೃಷ್ಟಿ. ಮೊದಲು ಹುಟ್ಟಿದ್ದು ತಮ್ಮಲ್ಲೇ ಎಂದು ನೆರೆಯ ತ್ಲಯಕಪಾನ್ ಊರಿನವರು ವಾದಿಸುತ್ತಾರೆ. ಊರಿನ ಗುರುತೇ ಆಗಿರುವ ಆಚರಣೆಯೊಂದು ಪ್ರಾಚೀನ ಉಳಿಕೆಯಾಗಿರದೆ, ಕಬ್ಬಿನ ಜಮೀನುದಾರಿಯ ಕಾಲದ ಅನುಭವದಿಂದ ರೂಪುಗೊಂಡಿತೆಂಬುದು ಗಮನಾರ್ಹ. ಜನಪದರು ಪರಂಪರೆಯನ್ನು ಕಾಯುತ್ತಾರೆ ಎಂಬಷ್ಟೇ, ಅದನ್ನು ಕಟ್ಟುತ್ತಾರೆ ಎಂಬುದೂ ನಿಜ.

ಸೆಪ್ಟೆಂಬರ್ 8: ಅರಸ ಮತ್ತು ಮಾತೆ

ಮರಿಯಮ್ಮನವರ ಜನ್ಮದಿನವಾದ ಸೆಪ್ಟೆಂಬರ್ 8 ಊರಿನಲ್ಲಿ ತೆಪೊಸ್ತೆಕಾತ್ಲ್‌ನ ದಿನವೂ ಹೌದು. 7ರ ರಾತ್ರಿ ಜನ ಬೆಟ್ಟ ಹತ್ತಿ ಹಳೆಯ ಗುಡಿಯಲ್ಲಿ ಕಾಣಿಕೆ ಸಲ್ಲಿಸುತ್ತಾರೆ. ಮಠದ ಅಂಗಳದ ಹೆಬ್ಬಾಗಿಲಿಗೆ ಪ್ರತಿವರ್ಷ ಹೊಸದಾಗಿ ಸಿದ್ಧವಾಗುವ ಅಲಂಕಾರ ಪೂರ್ತಿಯಾಗಿ ಧಾನ್ಯ ಮತ್ತು ಬೀಜಗಳದು. ಜೋಳ, ಬೀನ್ಸ್ ಮುಂತಾದ ಕಾಳುಗಳನ್ನು ಅವುಗಳ ಸಹಜ ಬಣ್ಣಕ್ಕೆ ತಕ್ಕಂತೆ ಒಂದೊಂದಾಗಿ ಅಂಟಿಸಿ ಊರಿನ ಕಥೆ, ಚರಿತ್ರೆಗಳ ಚಿತ್ರ ಬಿಡಿಸುತ್ತಾರೆ. ಇದೇ ದಿನ ಕರ್ನಾಟಕದ ಕರಾವಳಿಯ ಕೊಂಕಣಿ ಕ್ರೈಸ್ತರು ಹೊಸ ಭತ್ತದ ತೆನೆಯೊಡನೆ ಮೊಂತಿ ಹಬ್ಬ ಆಚರಿಸುತ್ತಾರೆ. ಐಬೀರಿಯಾದಿಂದ ಹೊರಟ ಪಂಚಾಂಗವೊಂದು ಎರಡು ಖಂಡಗಳ ರೈತರ ಕೈಯಲ್ಲಿ ಬೆಳೆಯ ಹಬ್ಬವಾಯಿತೆಂಬುದಕ್ಕೆ ಇವೆರಡೂ ನಿದರ್ಶನಗಳು.

ಮೌಖಿಕ ಕಥನದಲ್ಲಿ ತೆಪೊಸ್ತೆಕಾತ್ಲ್ ಗಾಳಿಯಿಂದ ಕನ್ಯೆಯಲ್ಲಿ ಹುಟ್ಟಿದವನು. ನಾಚಿಕೆಗೆ ಅಂಜಿದ ಮನೆಯವರು ಕೂಸನ್ನು ಇರುವೆಯ ಗೂಡಿನ ಮೇಲೆ ಬಿಟ್ಟರು, ಇರುವೆಗಳು ಸಲಹಿದವು. ಕತ್ತಾಳೆಯ ನಡುವೆ ಇಟ್ಟರು, ಗಿಡ ಹಾಲುರಸ ಉಣಿಸಿತು. ಪೆಟ್ಟಿಗೆಯಲ್ಲಿಟ್ಟು ನೀರಿಗೆ ತೇಲಿಬಿಟ್ಟರು, ವೃದ್ಧ ದಂಪತಿಗಳು ಎತ್ತಿ ಸಾಕಿದರು. ಶೊಚಿಕಾಲ್ಕೊದ ರಾಕ್ಷಸನಿಗೆ ಆಹಾರವಾಗಲು ಸಾಕುತಂದೆಯ ಸರದಿ ಬಂದಾಗ ಹುಡುಗ ತಾನೇ ಹೋಗಿ, ಅದರ ಹೊಟ್ಟೆ ಸೇರಿ, ಚೂಪು ಕಲ್ಲಿನಿಂದ ಸೀಳಿ ಹೊರಬಂದ. ಔತಣಕ್ಕೆ ಹರಕು ಬಟ್ಟೆಯಲ್ಲಿ ಹೋದಾಗ ತಳ್ಳಿಸಿಕೊಂಡು, ಬೆಲೆಬಾಳುವ ಉಡುಪಿನಲ್ಲಿ ಹೋದಾಗ ಸತ್ಕಾರ ಪಡೆದು, ಬಡಿಸಿದ್ದನ್ನು ಉಡುಪಿನ ಮೇಲೆಯೇ ಸುರಿದುಕೊಂಡ ಪ್ರಸಂಗವೂ ಇದೆ. ತೇಲಿಬಿಟ್ಟ ಕೂಸು, ಬಲಿಯ ಸರದಿಯನ್ನು ತಾನು ಹೊತ್ತ ವೀರ, ಉಡುಪಿಗೆ ಸಂದ ಮರ್ಯಾದೆ ಇವೆಲ್ಲ ವ್ಯಾಪಕ ಆಶಯಗಳು. ಕರ್ಣ ಮತ್ತು ಬಕಾಸುರನ ಕಥೆಗಳನ್ನು ಬಲ್ಲವರಿಗೆ ಇವು ಅಪರಿಚಿತವಲ್ಲ. ಇಲ್ಲಿ ವಿಶೇಷವಾದುದು ಆಶಯಗಳ ಪ್ರಸಾರವಲ್ಲ, ಊರು ಅವುಗಳನ್ನು ತನ್ನ ಅರಸನ ಚರಿತ್ರೆಯಾಗಿ ಇರಿಸಿಕೊಂಡ ರೀತಿ.

8ರಂದು ನಡೆಯುವ ನಾವಾತ್ಲ್ ಮಾತುಗಳ ನಾಟಕದಲ್ಲಿ ಈ ಅರಸ ಕ್ರೈಸ್ತನಾಗಿದ್ದಾನೆ. ನೆರೆಯ ಕುಯೆರ್ನವಾಕ, ಯೌತೆಪೆಕ್, ವಾಸ್ತೆಪೆಕ್, ತ್ಲಯಕಪಾನ್‌ಗಳ ಒಡೆಯರು ಸೇನೆಯೊಡನೆ ಬಂದು, ಹಿರಿಯರ ದೇವರನ್ನು ಏಕೆ ಬಿಟ್ಟೆಯೆಂದು ಸವಾಲು ಹಾಕುತ್ತಾರೆ. ಅರಸ ಮಾತೆಯ ಹಿರಿಮೆಯನ್ನು ಹೇಳಿ ಒಬ್ಬೊಬ್ಬರನ್ನೂ ಒಲಿಸುತ್ತಾನೆ; ಯುದ್ಧಕ್ಕೆಂದು ಬಂದವರು ಹಬ್ಬಕ್ಕೆ ಉಳಿಯುತ್ತಾರೆ.

ಇದನ್ನು ಲಿಖಿತ ಚರಿತ್ರೆಯೊಡನೆ ಇಟ್ಟು ನೋಡಬೇಕು. ದೊಮಿಂಗೊ ದೆ ಲಾ ಅನುನ್ಸಿಯಾಸಿಯೋನ್ ಎಂಬ ಗುರು ಇಲ್ಲಿನ ಓಮೆತೊಚ್ತ್ಲಿ ವಿಗ್ರಹವನ್ನು ಬಂಡೆಯ ಮೇಲಿನಿಂದ ಕೆಳಗೆ ಉರುಳಿಸಿ ಒಡೆಸಿದರೆಂದೂ ಅದರ ಚೂರುಗಳು ಚರ್ಚಿನ ತಳಪಾಯ ಸೇರಿದವೆಂದೂ ದೊಮಿನಿಕನ್ ಚರಿತ್ರೆಕಾರ ದಾವಿಲಾ ಪದಿಯಾ 16ನೆಯ ಶತಮಾನದ ಕೊನೆಯಲ್ಲಿ ಬರೆದಿದ್ದಾರೆ. ಗುರುಗಳ ಬರಹದಲ್ಲಿ ದೇವರು ಒಡೆದುಹೋಗುತ್ತಾನೆ. ಊರಿನ ನಾಟಕದಲ್ಲಿ ಅವನು ಒಡೆಯುವುದೇ ಇಲ್ಲ. ದೀಕ್ಷೆ ಕೊಟ್ಟ ಗುರುವನ್ನು ಊರು ಮರೆತಿಲ್ಲ, ಆದರೆ ನಾಟಕದ ಕೇಂದ್ರದಲ್ಲಿ ನಿಂತು ವಾದಿಸಿ ಗೆಲ್ಲುವವನು ಅರಸ. ಸೋತವರ ಚರಿತ್ರೆಯನ್ನು ಒಪ್ಪಂದದ ಚರಿತ್ರೆಯಾಗಿ ಮರುರೂಪಿಸಿದ ಕಥನವಿದು. ಹಬ್ಬ ಸರಿಯಾಗಿ ನಡೆಯದಿದ್ದರೆ ತೆಪೊಸ್ತೆಕಾತ್ಲ್ ಮುನಿದು ಬಿರುಗಾಳಿ ಕಳಿಸುತ್ತಾನೆ ಎಂಬ ನಂಬಿಕೆ, ಅರಸ ಕ್ರೈಸ್ತನಾದ ಮೇಲೂ ದೇವತ್ವವನ್ನು ಕಳೆದುಕೊಂಡಿಲ್ಲವೆಂಬುದನ್ನು ತಿಳಿಸುತ್ತದೆ.

ಇಬ್ಬರು ವಿದ್ವಾಂಸರು, ಎರಡು ಪ್ರಶ್ನೆಗಳು

ರೆಡ್‌ಫೀಲ್ಡ್ ಅವರ ಗ್ರಂಥದಲ್ಲಿ ಹಬ್ಬಗಳಿಗೆ ದೊಡ್ಡ ಸ್ಥಾನವಿದೆ. ಬದುಕಿಗೆ ಲಯ ಕೊಡುವ, ಜನರನ್ನು ಒಂದಾಗಿಸುವ ಶಕ್ತಿಯಾಗಿ ಅವರು ಅವನ್ನು ಕಂಡರು. ಲೂಯಿಸ್ ಅವರಿಗೆ ಕಂಡದ್ದು ಬಡತನ, ಭೂಮಿಯ ಅಭಾವ, ಮನೆಮನೆಗಳ ನಡುವಿನ ಅಪನಂಬಿಕೆ, ರಾಜಕೀಯ ಗುಂಪುಗಾರಿಕೆ. ಮುಂದೆ ರೆಡ್‌ಫೀಲ್ಡ್ ಅವರೇ 1955ರ ಕೃತಿಯೊಂದರಲ್ಲಿ ಈ ವ್ಯತ್ಯಾಸವನ್ನು ಪರಿಶೀಲಿಸಿ, ಈ ಜನ ಯಾವುದರಿಂದ ಸಂತೋಷಪಡುತ್ತಾರೆ ಎಂಬ ಪ್ರಶ್ನೆ ತಮ್ಮ ಗ್ರಂಥದ ಹಿಂದೆಯೂ, ಯಾವುದರಿಂದ ನರಳುತ್ತಾರೆ ಎಂಬ ಪ್ರಶ್ನೆ ಲೂಯಿಸ್ ಅವರ ಗ್ರಂಥದ ಹಿಂದೆಯೂ ಅಡಗಿತ್ತು ಎಂಬ ಅರ್ಥದ ಮಾತನ್ನಾಡಿದರು.

ಈ ವಿವರಣೆ ಪ್ರಾಮಾಣಿಕವಾದುದು, ಆದರೆ ಪೂರ್ಣವಲ್ಲ. ರೆಡ್‌ಫೀಲ್ಡ್ ಅಲ್ಲಿಗೆ ಹೋದ ಕಾಲ ಸಾಮಾನ್ಯವಾದುದಾಗಿರಲಿಲ್ಲ. 1910ರಲ್ಲಿ ಆರಂಭವಾದ ಕ್ರಾಂತಿಯಲ್ಲಿ ಸಪಾತಾ ಪಡೆಗಳ ನೆಲೆಯಾಗಿದ್ದ ಮೊರೆಲೊಸ್ ಜರ್ಜರಿತವಾಗಿತ್ತು. ತೆಪೊಸ್ತ್ಲಾನಿನ ಜನ ಊರು ಬಿಟ್ಟು ಬೆಟ್ಟ ಸೇರಿ ಮರಳಿದ್ದರು. ಅಲ್ಲದೆ ಸರಕಾರ ಮತ್ತು ಧರ್ಮಸಭೆಗಳ ಸಂಘರ್ಷದಿಂದಾಗಿ 1926ರ ಜುಲೈ ಕೊನೆಯಿಂದ 1929ರವರೆಗೆ ದೇಶದಾದ್ಯಂತ ಗುರುಗಳು ಸಾರ್ವಜನಿಕ ಪೂಜೆಯನ್ನು ನಿಲ್ಲಿಸಿದ್ದರು. ಅಂತಹ ಸಮಯದಲ್ಲಿಯೂ ಸಂತರ ಹಬ್ಬಗಳ ವ್ಯವಸ್ಥೆ ಉಳಿದಿತ್ತೆಂದರೆ ಅದರ ಆಧಾರ ಗುರುಪೀಠದಲ್ಲಿರದೆ ಕೇರಿಯಲ್ಲಿತ್ತು ಎಂದೇ ತಿಳಿಯಬೇಕಾಗುತ್ತದೆ. ಯುದ್ಧದಲ್ಲಿ ಚದುರಿದ ಜನ ವಂತಿಗೆ, ಗುಡಿ, ಹರಕೆಗಳ ಮೂಲಕ ಮತ್ತೆ ಊರಾಗುತ್ತಿದ್ದರು. ಅಪನಂಬಿಕೆಯೂ ಗುಂಪುಗಾರಿಕೆಯೂ ಇದ್ದುದರಿಂದಲೇ ಹಬ್ಬದ ಲೆಕ್ಕಾಚಾರ ಅಷ್ಟು ಕಟ್ಟುನಿಟ್ಟಾಗಿ ಬೇಕಿತ್ತು. ಆದ್ದರಿಂದ ಸಂತೋಷ ಮತ್ತು ನರಳಿಕೆಗಳು ಎರಡು ಊರುಗಳ ಚಿತ್ರಗಳಲ್ಲ. ಒಂದೇ ವ್ಯವಸ್ಥೆಯ ಎರಡು ಮುಖಗಳು.

1995ರ ಪರೀಕ್ಷೆ

ಈ ವ್ಯವಸ್ಥೆಯ ಬಲ ಸ್ಪಷ್ಟವಾದದ್ದು 1995ರಲ್ಲಿ. ಊರಿನ ಜಮೀನಿನಲ್ಲಿ ಗಾಲ್ಫ್ ಮೈದಾನ ಮತ್ತು ನೂರಾರು ಐಷಾರಾಮಿ ಮನೆಗಳ ಯೋಜನೆಯೊಂದಕ್ಕೆ ಅನುಮತಿ ದೊರೆತಿತ್ತು. ಈ ಪ್ರದೇಶ 1937ರಲ್ಲಿ ಘೋಷಿತವಾದ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಬಹುಪಾಲು ಭೂಮಿ ಸಮುದಾಯದ್ದೆಂಬುದು ಜನರ ವಾದ. ನೀರಿನ ಅಭಾವದ ಭಯವೂ ಇತ್ತು. ಆಗಸ್ಟ್ 24ರಂದು ಜನ ಪುರಭವನವನ್ನು ವಶಪಡಿಸಿಕೊಂಡರು. ಊರಿನ ದಾರಿಗಳಿಗೆ ಅಡ್ಡಗಟ್ಟೆಗಳು ಬಿದ್ದವು. ಅಪಾಯದ ಸುದ್ದಿ ತಿಳಿಸಲು ಗುಡಿಗಳ ಗಂಟೆಗಳು ಮೊಳಗಿದವು. ಸೆಪ್ಟೆಂಬರ್ 24ರಂದು ಪಕ್ಷಗಳನ್ನು ಹೊರಗಿಟ್ಟು, ಕೇರಿಗಳು ಸೂಚಿಸಿದ ಹೆಸರುಗಳ ಆಧಾರದ ಮೇಲೆ, ರೂಢಿ ಸಂಪ್ರದಾಯಗಳಿಗೆ ಅನುಸಾರವಾಗಿ ಜನ ತಮ್ಮದೇ ಆಡಳಿತವನ್ನು ಆರಿಸಿಕೊಂಡರು. 1996ರ ಏಪ್ರಿಲ್ 10ರಂದು, ಸಪಾತಾ ಹತನಾದ ದಿನದ ನೆನಪಿನಲ್ಲಿ ಅಧ್ಯಕ್ಷರನ್ನು ಕಾಣಲು ಹೊರಟ ಜನರ ಮೇಲೆ ಪೊಲೀಸರು ನಡೆಸಿದ ದಾಳಿಯಲ್ಲಿ ಊರಿನ ಹಿರಿಯರೊಬ್ಬರು ಪ್ರಾಣ ಕಳೆದುಕೊಂಡರು. ಅದೇ ತಿಂಗಳು ಯೋಜನೆ ಕೈಬಿಡಲಾಯಿತು.

ಈ ಹೋರಾಟಕ್ಕೆ ಪರಿಸರ ಚಳವಳಿ, ಪಕ್ಷ ರಾಜಕಾರಣ, ಹೊರಗಿನ ಬೆಂಬಲ ಮುಂತಾದ ಹಲವು ಕಾರಣಗಳಿದ್ದವು. ಆದರೆ ಸರಕಾರಿ ಆಡಳಿತವಿಲ್ಲದೆ ಊರು ನಡೆದ ಬಗೆಗೆ ಹಬ್ಬದ ವ್ಯವಸ್ಥೆಯೇ ಮಾದರಿಯಾಗಿತ್ತು. ಯಾವ ಕೇರಿ ಯಾವ ಹೊಣೆ ಹೊರಬೇಕು, ಯಾರ ಮನೆಯಿಂದ ಏನು ಬರಬೇಕು, ಯಾರ ಮಾತನ್ನು ಕೇರಿ ಕೇಳುತ್ತದೆ ಎಂಬುದನ್ನು ಹೊಸದಾಗಿ ಕಲಿಯಬೇಕಾಗಿರಲಿಲ್ಲ. ನೂರಾರು ಜನರಿಗೆ ಅಡುಗೆ ಮಾಡುವುದು, ಸರದಿಯಲ್ಲಿ ರಾತ್ರಿ ಎಚ್ಚರವಿರುವುದು, ಗಂಟೆಯ ದನಿಗೆ ಓಡಿಬರುವುದು ಇವೆಲ್ಲ ಪ್ರತಿವರ್ಷವೂ ಸಂತನ ಹೆಸರಿನಲ್ಲಿ ಅಭ್ಯಾಸವಾಗಿದ್ದ ಕೆಲಸಗಳೇ. ನೆರೆಯ ಒಡೆಯರ ಸೇನೆಗಳ ಎದುರು ಒಬ್ಬಂಟಿಯಾಗಿ ನಿಂತು ಮಾತಿನಿಂದ ಗೆಲ್ಲುವ ಅರಸನ ನಾಟಕಕ್ಕೂ ಅಂದು ಹೊಸ ಅರ್ಥ ಬಂದಿರಬೇಕು.

ಈ ವ್ಯವಸ್ಥೆಯ ಮಿತಿಯನ್ನೂ ಹೇಳದೆ ಇರಲಾಗದು. 2012ರ ನಂತರ ಊರಿನ ಬಳಿಯ ಹೆದ್ದಾರಿ ವಿಸ್ತರಣೆಗೆ ವಿರೋಧ ಬಂದಾಗ ಊರು ಒಂದೇ ದನಿಯಾಗಲಿಲ್ಲ. ಪ್ರತಿಭಟನೆ, ನ್ಯಾಯಾಲಯದ ವ್ಯಾಜ್ಯಗಳ ನಡುವೆಯೇ ರಸ್ತೆ ಅಗಲವಾಯಿತು. ಹಬ್ಬ ಒಗ್ಗಟ್ಟನ್ನು ಸಾಧ್ಯವಾಗಿಸುತ್ತದೆ, ಖಚಿತಪಡಿಸುವುದಿಲ್ಲ.

ಉಪಸಂಹಾರ

2002ರಲ್ಲಿ ಮೆಕ್ಸಿಕೊ ಸರಕಾರ ತೆಪೊಸ್ತ್ಲಾನನ್ನು ಪ್ರವಾಸೋದ್ಯಮದ 'ಮಾಂತ್ರಿಕ ಊರು'ಗಳ ಪಟ್ಟಿಗೆ ಸೇರಿಸಿತು. 2009ರಲ್ಲಿ ಹಿಂತೆಗೆದುಕೊಂಡ ಆ ಮನ್ನಣೆಯನ್ನು ಮರುವರ್ಷ ಮತ್ತೆ ನೀಡಲಾಯಿತು. ಕಾರ್ನಿವಾಲ್ ದಿನಗಳಲ್ಲಿ ರಾಜಧಾನಿಯಿಂದ ಬರುವ ಪ್ರವಾಸಿಗರು ಚೌಕವನ್ನು ತುಂಬುತ್ತಾರೆ. ಭೂಮಿಯ ಬೆಲೆ ಏರಿದೆ, ಬೇಸಾಯ ಕುಗ್ಗಿದೆ, ನಾವಾತ್ಲ್ ಆಡುವವರು ಬಹುಪಾಲು ಹಿರಿಯರು. ಸಂತನ ಹೊಲವನ್ನು ಒಟ್ಟಾಗಿ ಉಳುವ ಪದ್ಧತಿಗೆ ಆಧಾರವಾಗಿದ್ದ ಬೇಸಾಯದ ಬದುಕೇ ಹಿಂದೆ ಸರಿದಿದೆ. ವಲಸೆ ಹೋದವರು ಹೋದಲ್ಲಿ ಚಿನೆಲೊ ಕುಣಿತವನ್ನು ಮುಂದುವರಿಸಿದ್ದಾರೆ.

ಇಂತಹ ಸಂದರ್ಭದಲ್ಲಿ ಹಬ್ಬದ ಸಂರಕ್ಷಣೆಯೆಂದರೆ ಏನನ್ನು ಸಂರಕ್ಷಿಸುವುದು ಎಂಬ ಪ್ರಶ್ನೆ ಜಾನಪದ ವಿದ್ವಾಂಸರನ್ನು ಎದುರಾಗುತ್ತದೆ. ವೇಷ, ಕುಣಿತ, ವಾದ್ಯ, ಬೀಜದ ಚಿತ್ತಾರಗಳನ್ನು ದಾಖಲಿಸಬಹುದು, ವಸ್ತುಸಂಗ್ರಹಾಲಯದಲ್ಲಿ ಇಡಬಹುದು, ವೇದಿಕೆಯ ಮೇಲೂ ತರಬಹುದು. ವಂತಿಗೆಯ ಲೆಕ್ಕ, ಹರಕೆಯ ಋಣ, ಕೇರಿಯ ಗಂಟೆಗೆ ಓಡಿಬರುವ ಬಾಧ್ಯತೆ ಇವನ್ನು ಹಾಗೆ ಎತ್ತಿಡಲಾಗದು. ತೆಪೊಸ್ತ್ಲಾನಿನ ಚರಿತ್ರೆ ತೋರಿಸಿಕೊಡುವಂತೆ ಹಬ್ಬದ ರೂಪಗಳು ಕಾಲಕಾಲಕ್ಕೆ ಬದಲಾಗಿವೆ. ಕೆಲವು ಸ್ಪ್ಯಾನಿಷ್‌ಪೂರ್ವದವು, ಕೆಲವು 16ನೆಯ ಶತಮಾನದವು, ಕೆಲವು ಇತ್ತೀಚಿನವು. ಬದಲಾಗದೆ ಉಳಿದದ್ದು, ಹಬ್ಬ ಯಾರದು ಎಂಬ ಪ್ರಶ್ನೆಗೆ ಪ್ರತಿವರ್ಷವೂ ಮನೆಮನೆಯಿಂದ ಉತ್ತರ ಪಡೆಯುವ ಕ್ರಮ. ಆ ಕ್ರಮವಿರುವವರೆಗೆ ನೋಡುಗರು ಎಷ್ಟೇ ಹೆಚ್ಚಿದರೂ ಹಬ್ಬ ಊರಿನದಾಗಿಯೇ ಇರುತ್ತದೆ. ಅದು ತಪ್ಪಿದ ದಿನ, ವೇಷಗಳು ಎಷ್ಟೇ ಭವ್ಯವಾಗಿದ್ದರೂ ಉಳಿಯುವುದು ಪ್ರದರ್ಶನ ಮಾತ್ರ.